ಕಚೇರಿ ತಂಡಕ್ಕೊಂದು ಸೋಷಿಯಲ್ ನೆಟ್‌ವರ್ಕ್: ಆಯ್ಕೆಯಿಂದ ಬಳಕೆಯವರೆಗೆ ಸಮಗ್ರ ಮಾರ್ಗದರ್ಶಿ

ಹನ್ನೆರಡು ಜನರ ತಂಡದಲ್ಲಿ ಇಬ್ಬಿಬ್ಬರು ಮಾತಾಡಿಕೊಳ್ಳುವ ಜೋಡಿಗಳು ಎಷ್ಟಾಗುತ್ತವೆ? 66. ತಂಡ 25 ಜನಕ್ಕೆ ಬೆಳೆದರೆ 300. ಜನ ದುಪ್ಪಟ್ಟಾದರೆ ಜೋಡಿಗಳು ನಾಲ್ಕು ಪಟ್ಟು ದಾಟುತ್ತವೆ. ಇಮೇಲ್ ಮತ್ತು ಖಾಸಗಿ ಮೆಸೇಜುಗಳಲ್ಲೇ ಕೆಲಸ ನಡೆಸುವ ತಂಡ ಬೆಳೆದಂತೆ ಒದ್ದಾಡುವುದು ಇದಕ್ಕೇ. ಅದೇ ಪ್ರಶ್ನೆಗೆ ಒಬ್ಬರೇ ಐದು ಸಲ ಉತ್ತರ ಕೊಡುತ್ತಾರೆ. ಹೊಸದಾಗಿ ಸೇರಿದವರಿಗೆ ಹಿಂದಿನ ಯಾವ ಮಾತೂ ಸಿಗುವುದಿಲ್ಲ. ರಜೆ ಹಾಕಿದವರ ಇನ್‌ಬಾಕ್ಸಿನಲ್ಲಿ ಮುಖ್ಯ ವಿಷಯವೊಂದು ಸುಮ್ನೆ ಕೂತಿರುತ್ತದೆ.

ಸೋಷಿಯಲ್ ನೆಟ್‌ವರ್ಕ್ ಮಾದರಿಯ ಕಚೇರಿ ಸಾಫ್ಟ್‌ವೇರ್ ಹುಟ್ಟಿದ್ದು ಈ ತೊಂದರೆಗೆ. 2006ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕ ಆಂಡ್ರ್ಯೂ ಮ್ಯಾಕಾಫಿ ಇಂಥ ಸಾಧನಗಳಿಗೆ ‘ಎಂಟರ್‌ಪ್ರೈಸ್ 2.0’ ಅಂತ ಹೆಸರಿಟ್ಟರು. 2008ರಲ್ಲಿ ಬಂದ ಯಾಮರ್, ‘ಈಗ ಏನು ಕೆಲಸ ಮಾಡುತ್ತಿದ್ದೀರಿ?’ ಅಂತ ಕೇಳುವ ಫೀಡ್ (ಎಲ್ಲರ ಪೋಸ್ಟುಗಳು ಒಂದರ ಕೆಳಗೊಂದು ಬರುವ ಪುಟ) ಇಟ್ಟಿತು. ಕಂಪನಿಯ ಇಮೇಲ್ ವಿಳಾಸ ಇದ್ದವರು ಯಾರನ್ನೂ ಕೇಳದೆ ಸೇರಬಹುದಿತ್ತು. 2012ರಲ್ಲಿ ಅದನ್ನು ಮೈಕ್ರೋಸಾಫ್ಟ್ ಕೊಂಡಿತು. ಈಗ ಅದರ ಹೆಸರು ವಿವಾ ಎಂಗೇಜ್. ಸ್ಲ್ಯಾಕ್ ಕತೆ ಇನ್ನೂ ಮಜವಾಗಿದೆ. ಗ್ಲಿಚ್ ಎಂಬ ಆನ್‌ಲೈನ್ ಆಟ ಮಾಡುತ್ತಿದ್ದ ತಂಡವೊಂದು ತಮ್ಮೊಳಗಿನ ಮಾತುಕತೆಗೆ ಒಂದು ಸಾಧನ ಕಟ್ಟಿಕೊಂಡಿತ್ತು. ಆಟ ಓಡಲಿಲ್ಲ, ಸಾಧನ ಓಡಿತು. 2014ರಲ್ಲಿ ಅದು ಎಲ್ಲರ ಬಳಕೆಗೆ ಬಂತು.

ಈ ಎಲ್ಲದರ ಹಿಂದೆ ಇರುವ ಉಪಾಯ ಒಂದೇ. ಮಾತು ಮೊದಲು ಬಯಲಲ್ಲಿ ನಡೆಯಲಿ, ಅಗತ್ಯ ಬಿದ್ದರೆ ಮಾತ್ರ ಬಾಗಿಲು ಹಾಕಿಕೊಳ್ಳಲಿ. ಈ ರೂಢಿ ತಂಡಕ್ಕೆ ಹತ್ತದಿದ್ದರೆ ಎಷ್ಟೇ ದುಬಾರಿ ಸಾಫ್ಟ್‌ವೇರ್ ತಂದರೂ ಅದು ಇನ್ನೊಂದು ಇನ್‌ಬಾಕ್ಸ್ ಆಗುತ್ತದೆ, ಅಷ್ಟೇ. ಕೆಳಗಿನ ಹೆಜ್ಜೆಗಳೆಲ್ಲ ಈ ರೂಢಿ ಹತ್ತಿಸುವುದಕ್ಕೇ ಇವೆ.

ಹೆಜ್ಜೆ 1: ಈಗ ಮಾತು ಎಲ್ಲಿ ನಡೆಯುತ್ತಿದೆ ನೋಡಿ

ಡೆಮೊ ವಿಡಿಯೊ ನೋಡುವ ಮುಂಚೆ ಒಂದು ವಾರ ನಿಮ್ಮ ತಂಡವನ್ನೇ ಗಮನಿಸಿ. ಒಂದು ಹಾಳೆಯಲ್ಲಿ ಮೂರು ಸಂಗತಿ ಬರೆದುಕೊಳ್ಳಿ: ಪದೇ ಪದೇ ಬರುವ ಪ್ರಶ್ನೆಗಳು, ತೀರ್ಮಾನ ಆದ ಜಾಗ, ವಿಷಯ ತಡವಾಗಿ ಗೊತ್ತಾದವರು. ‘ತೀರ್ಮಾನ ಆದ ಜಾಗ’ ಅಂದರೆ ಇಮೇಲೋ, ಫೋನ್ ಕರೆಯೋ, ಯಾರದ್ದೋ ವಾಟ್ಸ್ಆ್ಯಪ್ ಗುಂಪೋ ಅಂತ.

ಪಟ್ಟಿ ಕೈಯಲ್ಲಿದ್ದರೆ ಸಾಫ್ಟ್‌ವೇರ್ ಯಾಕೆ ಬೇಕು ಅಂತ ಒಂದೇ ವಾಕ್ಯದಲ್ಲಿ ಹೇಳಲು ಬರುತ್ತದೆ. ‘ಸಹಯೋಗ ಹೆಚ್ಚಿಸಲು’ ಅನ್ನುವುದು ಉತ್ತರವೇ ಅಲ್ಲ. ‘ಗ್ರಾಹಕರ ದೂರು ಬಂದಾಗ ಯಾರು ನೋಡುತ್ತಿದ್ದಾರೆ ಅಂತ ಎಲ್ಲರಿಗೂ ಕಾಣಬೇಕು’ ಅನ್ನುವುದು ಉತ್ತರ. ಇಂಥ ಎರಡೋ ಮೂರೋ ವಾಕ್ಯ ಬರೆದಿಡಿ. ಮುಂದೆ ಯಾವ ಚಾನೆಲ್ (ಒಂದೊಂದು ವಿಷಯಕ್ಕೆ ಮೀಸಲಾದ ಮಾತಿನ ಕೋಣೆ) ಬೇಕು, ಯಾವುದು ಬೇಡ, ಯೋಜನೆ ಗೆದ್ದಿತೋ ಸೋತಿತೋ ಎಲ್ಲವನ್ನೂ ಇದರಿಂದಲೇ ತೂಗುತ್ತೀರಿ.

ಹೆಜ್ಜೆ 2: ಯಾವ ಬಗೆಯದ್ದು ಬೇಕು?

ಹೊರಗಿಂದ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಒಳಗೆ ಮಾತು ಹರಿಯುವ ರೀತಿ ಬೇರೆ ಬೇರೆ.

ಫೀಡ್ ಬಗೆ: ವಿವಾ ಎಂಗೇಜ್, ಜೋಹೊ ಕನೆಕ್ಟ್, ಓಪನ್ ಸೋರ್ಸಿನಲ್ಲಿ (ಮೂಲ ಕೋಡ್ ಎಲ್ಲರಿಗೂ ತೆರೆದಿರುವ ಬಗೆ) ಹಮ್‌ಹಬ್. ಪೋಸ್ಟ್, ಕಾಮೆಂಟ್, ಲೈಕ್, ಪ್ರೊಫೈಲ್, ಗುಂಪು ಎಲ್ಲವೂ ಫೇಸ್‌ಬುಕ್ ಕಂಡವರಿಗೆ ಹೊಸದೇನಲ್ಲ. ನಿಧಾನವಾಗಿ ಓದುವ ವಿಷಯಕ್ಕೆ, ಬೇರೆ ಬೇರೆ ವಿಭಾಗದ ನೂರಾರು ಜನ ಒಬ್ಬರನ್ನೊಬ್ಬರು ಕಂಡುಕೊಳ್ಳುವುದಕ್ಕೆ ಇದು ಚೆನ್ನ. ಹತ್ತು ನಿಮಿಷದಲ್ಲಿ ಉತ್ತರ ಬೇಕಾದ ಕೆಲಸಕ್ಕೆ ಸರಿಹೋಗುವುದಿಲ್ಲ.

ಚಾನೆಲ್ ಚಾಟ್ ಬಗೆ: ಸ್ಲ್ಯಾಕ್, ಮೈಕ್ರೋಸಾಫ್ಟ್ ಟೀಮ್ಸ್, ಗೂಗಲ್ ಚಾಟ್, ಜೋಹೊ ಕ್ಲಿಕ್, ಸ್ವಂತ ಸರ್ವರಿನಲ್ಲಿ ಹಾಕಿಕೊಳ್ಳಬಹುದಾದ ಮ್ಯಾಟರ್‌ಮೋಸ್ಟ್, ರಾಕೆಟ್.ಚಾಟ್. ಐದರಿಂದ ಐವತ್ತು ಜನರ, ದಿನವಿಡೀ ಕೈಜೋಡಿಸಿ ಕೆಲಸ ಮಾಡುವ ತಂಡಕ್ಕೆ ಇವು ಹೊಂದುತ್ತವೆ. ವೇಗವೇ ಇವುಗಳ ಗುಣ, ವೇಗವೇ ಇವುಗಳ ರೋಗ. ಬೆಳಿಗ್ಗೆ ಹಾಕಿದ ಪ್ರಶ್ನೆ ಮಧ್ಯಾಹ್ನಕ್ಕೆ ಮೇಲೆಲ್ಲೋ ಸರಿದು ಹೋಗಿರುತ್ತದೆ.

ವಿಷಯವಾರು ಬಗೆ: ಜೂಲಿಪ್ ಇದಕ್ಕೆ ಒಳ್ಳೆಯ ಉದಾಹರಣೆ. ಇಲ್ಲಿ ಚಾನೆಲ್ ಒಳಗೆ ಪ್ರತಿ ಮಾತುಕತೆಗೂ ಒಂದು ವಿಷಯದ ಹೆಸರು ಕೊಡುವುದು ರೂಢಿ. ಎರಡು ದಿನ ಬಿಟ್ಟು ಬಂದವರು ತಮಗೆ ಬೇಕಾದ ವಿಷಯವನ್ನಷ್ಟೇ ಓದಿ ಅಲ್ಲೇ ಉತ್ತರಿಸಬಹುದು. ಬೇರೆ ಬೇರೆ ದೇಶಗಳ ಸಮಯದಲ್ಲಿ ಕೆಲಸ ಮಾಡುವ ತಂಡಕ್ಕೆ ನನ್ನ ಮೊದಲ ಸಲಹೆ ಇದೇ. ನೋಡಲು ಅಷ್ಟೇನೂ ಚಂದ ಇಲ್ಲ ಅಂತ ಜನ ಮೂಗು ಮುರಿಯುತ್ತಾರೆ. ಹದಿನೈದು ದಿನ ಬಳಸಿ ಆಮೇಲೆ ಹೇಳಿ ಅನ್ನಿ.

ಈಗಾಗಲೇ ಕಚೇರಿ ಇಮೇಲ್ ಮೈಕ್ರೋಸಾಫ್ಟ್‌ನದ್ದೋ ಗೂಗಲ್‌ನದ್ದೋ ಆಗಿದ್ದರೆ ಅದರ ಜತೆ ಬಂದಿರುವ ಚಾಟ್ ಸಾಧನವನ್ನೇ ಮೊದಲು ಪರೀಕ್ಷಿಸಿ. ಹೊಸ ಲಾಗಿನ್ ಇಲ್ಲ, ಫೈಲುಗಳ ಅನುಮತಿ ತಾನಾಗಿ ಹೊಂದುತ್ತದೆ. ಅದಕ್ಕಿಂತ ಬೇರೆಯದು ಬೇಕು ಅಂದರೆ ಹೆಜ್ಜೆ 1ರ ಪಟ್ಟಿಯಲ್ಲಿ ಅದಕ್ಕೊಂದು ಕಾರಣ ಇರಬೇಕು.

ಹೆಜ್ಜೆ 3: ಹಣ ಕಟ್ಟುವ ಮುಂಚೆ ಕೇಳುವ ಪ್ರಶ್ನೆಗಳು

ಹೊರಗೆ ಹೋಗುವ ದಾರಿ ಹೇಗಿದೆ ಅನ್ನುವುದೇ ಮೊದಲ ಪ್ರಶ್ನೆ. ಇದು ತಮಾಷೆಯಲ್ಲ. ಅಟ್ಲಾಸಿಯನ್ ಕಂಪನಿಯ ಹಿಪ್‌ಚಾಟ್ 2019ರಲ್ಲಿ ಮುಚ್ಚಿತು. ಗೂಗಲ್ ಕರೆಂಟ್ಸ್ 2023ರಲ್ಲಿ ಹೋಯಿತು. ಫೇಸ್‌ಬುಕ್ 2016ರಲ್ಲಿ ಶುರು ಮಾಡಿದ್ದ ವರ್ಕ್‌ಪ್ಲೇಸ್ ನಿಲ್ಲಿಸುವುದಾಗಿ ಮೆಟಾ 2024ರ ಮೇ ತಿಂಗಳಲ್ಲಿ ಹೇಳಿತು. ಮಾಮೂಲಿ ಬಳಕೆಗೆ 2025ರ ಆಗಸ್ಟ್ ಕೊನೆಯವರೆಗೆ ಮಾತ್ರ ಅವಕಾಶ ಇತ್ತು, ಆಮೇಲೆ ಓದುವುದಕ್ಕೆ ಮತ್ತು ಡೇಟಾ ಇಳಿಸಿಕೊಳ್ಳುವುದಕ್ಕೆ ಅಷ್ಟೇ. ಮೂರೂ ದೊಡ್ಡ ಕಂಪನಿಗಳದ್ದೇ. ಹಾಗಾಗಿ ಎಲ್ಲ ಮೆಸೇಜು, ಫೈಲುಗಳನ್ನು ಒಟ್ಟಿಗೆ ಇಳಿಸಿಕೊಳ್ಳಬಹುದಾ, ಯಾವ ರೂಪದಲ್ಲಿ ಸಿಗುತ್ತವೆ, ಖಾಸಗಿ ಚಾನೆಲ್‌ನವೂ ಸೇರುತ್ತವಾ ಅಂತ ಬರವಣಿಗೆಯಲ್ಲೇ ಕೇಳಿ.

ಎರಡನೆಯದು, ಹಳೆಯ ಮಾತು ಎಷ್ಟು ದಿನ ಉಳಿಯುತ್ತದೆ. ಪುಕ್ಕಟೆ ಯೋಜನೆಗಳಲ್ಲಿ ಹಗ್ಗ ಬಿಗಿಯುವುದು ಇಲ್ಲೇ. ಸ್ಲ್ಯಾಕ್‌ನ ಪುಕ್ಕಟೆ ಯೋಜನೆಯಲ್ಲಿ ಕೊನೆಯ 90 ದಿನದ ಮೆಸೇಜ್ ಮಾತ್ರ ಕಾಣುತ್ತದೆ, ಒಂದು ವರ್ಷಕ್ಕಿಂತ ಹಳೆಯದನ್ನು ಅಳಿಸಿಯೇ ಬಿಡುತ್ತಾರೆ. ಪ್ರಯೋಗ ಮಾಡಿ ನೋಡಲು ಇದು ಸಾಕು. ತಂಡದ ನೆನಪನ್ನೆಲ್ಲ ಅದರಲ್ಲೇ ಇಡುತ್ತೇವೆ ಅಂದರೆ ಸಾಲದು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಕಚೇರಿಯ ಲಾಗಿನ್ನಿನಿಂದಲೇ ಒಳಗೆ ಬರಬಹುದಾ? ಹೊರಗಿನ ಗುತ್ತಿಗೆದಾರರಿಗೆ ಒಂದೆರಡು ಚಾನೆಲ್ ಮಾತ್ರ ತೋರಿಸುವ ಗೆಸ್ಟ್ ಅಕೌಂಟ್ ಇದೆಯಾ? ನಿಧಾನ ಇಂಟರ್ನೆಟ್ಟಿನಲ್ಲಿ, ಹಳೆಯ ಫೋನಿನಲ್ಲಿ ಹೇಗೆ ಓಡುತ್ತದೆ? ತಂಡದವರು ಕನ್ನಡದಲ್ಲಿ ಬರೆಯುವವರಾದರೆ ಸರ್ಚ್ ಕನ್ನಡ ಪದಗಳನ್ನು ಹಿಡಿಯುತ್ತದಾ? ಈ ಕೊನೆಯದನ್ನು ನೀವೇ ಪರೀಕ್ಷಿಸಿ. ‘ವರದಿಯನ್ನು’ ಅಂತ ಬರೆದ ಮೆಸೇಜು ‘ವರದಿ’ ಅಂತ ಹುಡುಕಿದರೆ ಸಿಗಬೇಕು. ವಿಭಕ್ತಿ ಅಂಟಿದ ಪದ ಎಷ್ಟೋ ಸಾಧನಗಳ ಕೈಗೆ ಸಿಗದೆ ಜಾರಿಕೊಳ್ಳಬಹುದು.

ಸ್ವಂತ ಸರ್ವರಿನಲ್ಲಿ ಓಡಿಸುವ ಆಸೆ ಇದ್ದರೆ ಇನ್ನೊಂದು ಪ್ರಶ್ನೆ ಉಂಟು. ರಾತ್ರಿ ಸರ್ವರ್ ಬಿದ್ದರೆ ಏಳುವವರು ಯಾರು? ಬ್ಯಾಕಪ್, ಅಪ್‌ಡೇಟ್ ಯಾರ ಜವಾಬ್ದಾರಿ? ಒಬ್ಬರ ಹೆಸರು ಹೇಳಲು ಬಾರದಿದ್ದರೆ ಕ್ಲೌಡ್ ಸೇವೆಯೇ ಕ್ಷೇಮ.

ಹೆಜ್ಜೆ 4: ಚಾನೆಲ್‌ಗಳನ್ನು ಕಟ್ಟುವುದು

ಇಲ್ಲಿ ಸ್ವಲ್ಪ ನಿಧಾನಿಸೋಣ. ಜನ ಎಡವುವುದು ಜಾಸ್ತಿ ಇಲ್ಲೇ. ಅಡ್ಮಿನ್ ಉತ್ಸಾಹದಲ್ಲಿ ಮೊದಲ ದಿನವೇ ನಲವತ್ತು ಚಾನೆಲ್ ತೆರೆದಿಡುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಸೇರಿದವರು ಖಾಲಿ ಚಾನೆಲ್‌ಗಳನ್ನು ನೋಡಿ, ಎಲ್ಲಿ ಬರೆಯಬೇಕು ಗೊತ್ತಾಗದೆ, ವಾಪಸ್ ಖಾಸಗಿ ಮೆಸೇಜಿಗೆ ಹೋಗುತ್ತಾರೆ.

ಇಪ್ಪತ್ತು ಜನರ ತಂಡಕ್ಕೆ ಆರೇಳು ಚಾನೆಲ್ ಸಾಕು. ಹೆಸರಿನ ಮುಂದೆ ಅದರ ಬಗೆ ತಿಳಿಸುವ ಪದ ಬರಲಿ. ಆಗ ಪಟ್ಟಿಯಲ್ಲಿ ಒಂದೇ ಬಗೆಯವು ಒಟ್ಟಿಗೆ ಕೂರುತ್ತವೆ. ಹೀಗೆ:

#ಪ್ರಕಟಣೆ – ಎಲ್ಲರೂ ಓದಲೇಬೇಕಾದದ್ದು. ಇಬ್ಬರು ಮೂವರಿಗೆ ಮಾತ್ರ ಬರೆಯುವ ಅನುಮತಿ.
#ತಂಡ-ವಿನ್ಯಾಸ, #ತಂಡ-ಮಾರಾಟ – ಆಯಾ ತಂಡದ ದಿನದ ಮಾತು.
#ಕೆಲಸ-ಹೊಸ-ಲಾಗಿನ್ – ಒಂದು ಯೋಜನೆಗೆ ಒಂದು. ಯೋಜನೆ ಮುಗಿದ ದಿನ ಇದೂ ಮುಗಿಯುತ್ತದೆ.
#ಸಹಾಯ-ಕಂಪ್ಯೂಟರ್ – ಪ್ರಶ್ನೆ ಕೇಳುವ ಜಾಗ. ಉತ್ತರ ಕೊಡುವವರು ಯಾರು ಅಂತ ಮೇಲೆ ಬರೆದಿರಬೇಕು.
#ಹರಟೆ – ಕೆಲಸಕ್ಕೆ ಸಂಬಂಧ ಇಲ್ಲದ್ದು.

ಪ್ರತಿ ಚಾನೆಲ್‌ಗೂ ಒಬ್ಬ ಒಡೆಯರು ಇರಲಿ. ವಿವರಣೆಯ ಜಾಗದಲ್ಲಿ ಎರಡು ಸಾಲು ಬರೆಯಿರಿ: ಇಲ್ಲಿ ಏನು ಹಾಕಬೇಕು, ಏನು ಹಾಕಬಾರದು. ‘ಹಾಕಬಾರದು’ ಅನ್ನುವ ಸಾಲೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಅನ್ನುವುದು ನನ್ನ ಅನಿಸಿಕೆ.

#ಹರಟೆ ಬೇಕಾ ಅಂತ ಕೆಲವು ಮ್ಯಾನೇಜರುಗಳು ಹುಬ್ಬೇರಿಸುತ್ತಾರೆ. ಬೇಕು. ಅದಿಲ್ಲದಿದ್ದರೆ ಕ್ರಿಕೆಟ್ ಮಾತು #ಪ್ರಕಟಣೆಯ ಕಾಮೆಂಟುಗಳಲ್ಲೇ ನಡೆಯುತ್ತದೆ. ಅದೂ ಅಲ್ಲದೆ, ಹೊಸಬರು ಮೊದಲ ಸಲ ಧೈರ್ಯ ಮಾಡಿ ಬರೆಯುವುದು ಅಲ್ಲೇ.

ಖಾಸಗಿ ಚಾನೆಲ್ ಯಾವುದಕ್ಕೆ? ಸಂಬಳ, ನೇಮಕಾತಿ, ಶಿಸ್ತುಕ್ರಮ, ಗ್ರಾಹಕರ ಗುಟ್ಟಿನ ಮಾಹಿತಿ. ಇವಿಷ್ಟು ಬಿಟ್ಟು ಬೇರೆ ಯಾವುದಕ್ಕಾದರೂ ಕೇಳಿದರೆ ‘ಯಾಕೆ?’ ಅಂತ ಒಮ್ಮೆ ಕೇಳಿ. ‘ಇನ್ನೂ ಪೂರ್ತಿ ಆಗಿಲ್ಲ, ಆಮೇಲೆ ತೋರಿಸುತ್ತೇವೆ’ ಅನ್ನುವುದು ಸಾಮಾನ್ಯ ಉತ್ತರ. ಅರ್ಧ ಆದ ಕೆಲಸ ಕಂಡರೇನೇ ಬೇರೆಯವರು ‘ಇದನ್ನು ನಾವು ಆಗಲೇ ಮಾಡಿಟ್ಟಿದ್ದೇವೆ’ ಅಂತ ಹೇಳಲು ಸಾಧ್ಯ, ಅಲ್ವಾ?

ಹೆಜ್ಜೆ 5: ಅರ್ಧ ಪುಟದ ಒಪ್ಪಂದ

ನಿಯಮಗಳ ದೊಡ್ಡ ಕಡತವನ್ನು ಯಾರೂ ಓದುವುದಿಲ್ಲ. ತಂಡದವರೆಲ್ಲ ಕೂತು ಅರ್ಧ ಪುಟದಲ್ಲಿ ಬರೆದು ಎಲ್ಲ ಚಾನೆಲ್‌ಗಳಲ್ಲೂ ಪಿನ್ ಮಾಡಿ (ಯಾವಾಗಲೂ ಸುಲಭವಾಗಿ ಸಿಗುವಂತೆ ಅಂಟಿಸಿಡಿ). ಅದರಲ್ಲಿ ಇರಲೇಬೇಕಾದ ಮಾತುಗಳು ಇವು.

ಯಾವುದು ಎಲ್ಲಿ: ದಿನದ ಕೆಲಸ ಚಾನೆಲ್‌ನಲ್ಲಿ, ಹೊರಗಿನವರ ಜತೆ ಇಮೇಲ್‌ನಲ್ಲಿ, ಮಾಡಬೇಕಾದ ಕೆಲಸಗಳ ಪಟ್ಟಿ ಟಾಸ್ಕ್ ಸಾಫ್ಟ್‌ವೇರ್‌ನಲ್ಲಿ, ಬೆಂಕಿ ಬಿದ್ದಂಥ ತುರ್ತು ಇದ್ದರೆ ಫೋನ್ ಕರೆ.

ಎಷ್ಟು ಹೊತ್ತಿನೊಳಗೆ ಉತ್ತರ: ಮಾಮೂಲಿ ಪೋಸ್ಟಿಗೆ ಅದೇ ದಿನ ಅಥವಾ ಮರುದಿನ, ಹೆಸರು ಟ್ಯಾಗ್ ಮಾಡಿದ್ದರೆ ಎರಡು ಗಂಟೆ. ಇದನ್ನು ಹೇಳದೆ ಬಿಟ್ಟರೆ ತಕ್ಷಣ ಉತ್ತರಿಸಬೇಕು ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಆಮೇಲೆ ಯಾರೂ ಒಂದು ಗಂಟೆ ಕೂತು ಕೆಲಸ ಮಾಡಲಾರರು.

ಎಮೋಜಿಗಳ ಅರ್ಥ: 👀 ಅಂದರೆ ‘ನಾನು ನೋಡುತ್ತಿದ್ದೇನೆ’, ✅ ಅಂದರೆ ‘ಮುಗಿಯಿತು’. ಎರಡೇ ಸಾಕು. ‘ಸರಿ’, ‘ಓಕೆ’, ‘ನೋಡ್ತೀನಿ’ ಅಂತ ಬರುವ ಹತ್ತಾರು ಮೆಸೇಜು ಇದರಿಂದಲೇ ನಿಲ್ಲುತ್ತದೆ.

ಒಂದು ವಿಷಯದ ಉತ್ತರ ಅದರ ಥ್ರೆಡ್ (ಆ ಪೋಸ್ಟಿನ ಕೆಳಗೆ ಸೇರುವ ಉತ್ತರಗಳ ಸರಣಿ) ಒಳಗೇ. ಕೆಲಸದ ಸಮಯ ಮುಗಿದ ಮೇಲೆ ಬಂದ ಮೆಸೇಜಿಗೆ ಉತ್ತರಿಸುವ ಹಂಗಿಲ್ಲ.

ಹೆಜ್ಜೆ 6: ಪೋಸ್ಟ್ ಬರೆಯುವ ಬಗೆ

ಒಂದು ಮಾದರಿ ನೋಡಿ. ಸಹಾಯ ಚಾನೆಲ್‌ನಲ್ಲಿ ಹೀಗೊಂದು ಪೋಸ್ಟ್ ಬರುತ್ತದೆ:

‘ಆ ಫೈಲ್ ಯಾಕೋ ಓಪನ್ ಆಗ್ತಿಲ್ಲ. ಯಾರಾದ್ರೂ ನೋಡ್ತೀರಾ? ಅರ್ಜೆಂಟ್.’

ಮುಂದೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ‘ಯಾವ ಫೈಲ್?’ ‘ನಂಗೆ ಓಪನ್ ಆಗ್ತಿದೆಯಲ್ಲ.’ ‘ಲಿಂಕ್ ಕಳ್ಸಿ.’ ‘ಎಷ್ಟು ಅರ್ಜೆಂಟ್?’ ನಾಲ್ಕು ಜನರ ಗಮನ ಹೋಯಿತು, ಫೈಲ್ ಇನ್ನೂ ತೆರೆದಿಲ್ಲ. ಅದನ್ನೇ ಹೀಗೆ ಬರೆಯಬಹುದಿತ್ತು:

‘ಮಾರ್ಚ್ ತಿಂಗಳ ಬಿಲ್ಲಿಂಗ್ ವರದಿ ತೆರೆಯುತ್ತಿಲ್ಲ. ಲಿಂಕ್ ಕೆಳಗಿದೆ. ಕ್ಲಿಕ್ ಮಾಡಿದರೆ ಅನುಮತಿ ಇಲ್ಲ ಅಂತ ಬರುತ್ತಿದೆ, ನಿನ್ನೆ ಸಂಜೆ ಸರಿಯಿತ್ತು. ಇವತ್ತು 4 ಗಂಟೆಗೆ ಗ್ರಾಹಕರಿಗೆ ಕಳಿಸಬೇಕು. ಲೆಕ್ಕಪತ್ರ ತಂಡದ ಯಾರಾದರೂ ಅನುಮತಿ ಕೊಡುತ್ತೀರಾ? 3 ಗಂಟೆಯೊಳಗೆ ಆಗದಿದ್ದರೆ ಹಳೆಯ ಪ್ರತಿಯನ್ನೇ ಕಳಿಸುತ್ತೇನೆ.’

ಏನಾಯಿತು, ಎಲ್ಲಿ, ಯಾವಾಗ ಬೇಕು, ಯಾರಿಂದ ಬೇಕು, ಆಗದಿದ್ದರೆ ಏನು ಅನ್ನುವ ಎಲ್ಲವೂ ಇದರಲ್ಲಿವೆ. ಕೊನೆಯ ವಾಕ್ಯವನ್ನು ಜನ ಸಾಮಾನ್ಯವಾಗಿ ಬಿಡುತ್ತಾರೆ. ಅದಿದ್ದರೆ ಯಾರೂ ಉತ್ತರಿಸದಿದ್ದರೂ ಕೆಲಸ ನಿಲ್ಲುವುದಿಲ್ಲ. ಇನ್ನೊಂದು ಲಾಭವೂ ಉಂಟು. ಆರು ತಿಂಗಳ ನಂತರ ಯಾರೋ ‘ಬಿಲ್ಲಿಂಗ್ ಅನುಮತಿ’ ಅಂತ ಹುಡುಕಿದರೆ ಎರಡನೆಯ ಪೋಸ್ಟ್ ಸಿಗುತ್ತದೆ. ಮೊದಲನೆಯದು ಯಾವ ಪದ ಹಾಕಿ ಹುಡುಕಿದರೂ ಸಿಗುವುದಿಲ್ಲ.

‘ಹಲೋ’ ಅಂತ ಬರೆದು ಉತ್ತರಕ್ಕೆ ಕಾಯುವ ಅಭ್ಯಾಸವನ್ನೂ ಮೆಲ್ಲಗೆ ಬಿಡಿಸಿ. ನಮಸ್ಕಾರ ಹೇಳುವುದು ಒಳ್ಳೆಯದೇ. ಆದರೆ ನಮಸ್ಕಾರ, ವಿಷಯ, ಪ್ರಶ್ನೆ ಮೂರೂ ಒಂದೇ ಮೆಸೇಜಿನಲ್ಲಿ ಬರಲಿ. ಆ ಕಡೆಯವರು ‘ಹೇಳಿ’ ಅಂತ ಬರೆದು, ಮೂರು ಚುಕ್ಕಿ ಕುಣಿಯುವುದನ್ನೇ ನೋಡುತ್ತಾ ಕೂರುವುದು ಯಾರಿಗೆ ಬೇಕು?

ಇನ್ನು ತೀರ್ಮಾನಗಳು. ಅರವತ್ತು ಮೆಸೇಜಿನ ಥ್ರೆಡ್ ಒಂದರ ನಲವತ್ತೆರಡನೆಯ ಸಾಲಿನಲ್ಲಿ ‘ಹಾಗಾದರೆ ಮುಂದಿನ ವಾರ ಮಾಡೋಣ’ ಅಂತ ಇದ್ದರೆ ಅದನ್ನು ತೀರ್ಮಾನ ಅನ್ನಲಾಗುವುದಿಲ್ಲ. ಮಾತು ಮುಗಿದಾಗ ಯಾರಾದರೂ ಒಬ್ಬರು ಹೀಗೆ ಬರೆಯಬೇಕು:

‘ತೀರ್ಮಾನ: ಹೊಸ ಲಾಗಿನ್ ಪುಟ 14ರ ಬದಲು 21ಕ್ಕೆ ಬಿಡುಗಡೆ. ಕಾರಣ: ಪಾಸ್‌ವರ್ಡ್ ಮರೆತವರ ದಾರಿ ಇನ್ನೂ ಪರೀಕ್ಷೆ ಆಗಿಲ್ಲ. ಒಪ್ಪಿದವರು: ವಿನ್ಯಾಸ, ಪರೀಕ್ಷೆ, ಗ್ರಾಹಕ ಸೇವೆ. ಮುಂದಿನ ಕೆಲಸ: ಗ್ರಾಹಕರಿಗೆ ತಿಳಿಸುವುದು, ಗ್ರಾಹಕ ಸೇವೆಯವರು ನಾಳೆಯೊಳಗೆ.’

‘ತೀರ್ಮಾನ:’ ಅನ್ನುವ ಪದ ಎಲ್ಲರೂ ಒಂದೇ ರೀತಿ ಬರೆಯಬೇಕು. ಆಗ ಆ ಪದ ಹುಡುಕಿದರೆ ತಿಂಗಳ ಎಲ್ಲ ತೀರ್ಮಾನಗಳೂ ಒಟ್ಟಿಗೆ ಬರುತ್ತವೆ. ತುಂಬಾ ದಿನ ಉಳಿಯಬೇಕಾದದ್ದನ್ನು ವಿಕಿಗೋ ಡಾಕ್ಯುಮೆಂಟಿಗೋ ದಾಟಿಸಿ, ಲಿಂಕನ್ನು ಥ್ರೆಡ್‌ನಲ್ಲಿ ಹಾಕಿ. ಕಚೇರಿಯೇ ಇಲ್ಲದೆ ಕೆಲಸ ಮಾಡುವ ಗಿಟ್‌ಲ್ಯಾಬ್ ಕಂಪನಿ ತನ್ನ ಕೈಪಿಡಿಯಲ್ಲಿ ಒತ್ತಿ ಹೇಳುವುದೂ ಇದನ್ನೇ: ಚಾಟ್ ಮಾತಾಡುವುದಕ್ಕೆ, ದಾಖಲೆ ಬೇರೆ ಕಡೆ.

ಹೆಜ್ಜೆ 7: ಮೊದಲ ಆರು ವಾರ

ಇಡೀ ಕಂಪನಿಗೆ ಒಂದೇ ದಿನ ಆಹ್ವಾನ ಕಳಿಸಬೇಡಿ. ಹೆಜ್ಜೆ 1ರಲ್ಲಿ ತೊಂದರೆ ಯಾರಿಗೆ ಜಾಸ್ತಿ ಅಂತ ಕಂಡಿತೋ ಆ ತಂಡದಿಂದ ಶುರು ಮಾಡಿ. ಎಂಟರಿಂದ ಹದಿನೈದು ಜನ ಇದ್ದರೆ ಸಾಕು.

ಅವರು ಒಳಗೆ ಬರುವ ಮುಂಚೆಯೇ ಚಾನೆಲ್‌ಗಳಲ್ಲಿ ನಿಜವಾದ ಕೆಲಸದ ನಾಲ್ಕೈದು ಪೋಸ್ಟ್ ಇರಬೇಕು. ‘ಎಲ್ಲರಿಗೂ ಸ್ವಾಗತ!’ ಅನ್ನುವ ಪೋಸ್ಟ್ ಲೆಕ್ಕಕ್ಕಿಲ್ಲ. ಈ ವಾರದ ಕೆಲಸಗಳ ಪಟ್ಟಿ, ಉತ್ತರ ಬೇಕಾದ ಒಂದು ಪ್ರಶ್ನೆ, ಪದೇ ಪದೇ ಕೇಳುವ ವಿಷಯಕ್ಕೊಂದು ಉತ್ತರ, ಇಂಥವು ಇರಲಿ.

ಮೊದಲ ಎರಡು ವಾರ ಒಂದೇ ಅಭ್ಯಾಸ ಹಿಡಿಸಿ: ದಿನದ ಸ್ಥಿತಿ ಹೇಳುವ ಮಾತು ಚಾನೆಲ್‌ನಲ್ಲಿ. ನಿನ್ನೆ ಏನಾಯಿತು, ಇವತ್ತು ಏನು, ಎಲ್ಲಿ ಸಿಕ್ಕಿಕೊಂಡಿದೆ, ಮೂರು ಸಾಲು. ಇದು ಕೂಡಿ ಬಂದರೆ ಬೆಳಗಿನ ಮೀಟಿಂಗ್ ಒಂದನ್ನು ರದ್ದು ಮಾಡಿ. ಖಂಡಿತ ಮಾಡಿ. ಹೊಸ ಸಾಧನ ಬಂತು, ಹಳೆಯ ಕೆಲಸ ಯಾವುದೂ ಹೋಗಲಿಲ್ಲ ಅಂದರೆ ಜನರಿಗೆ ಅದು ಹೊರೆಯಾಗಿಯೇ ಕಾಣುತ್ತದೆ.

ಮೂರನೆಯ, ನಾಲ್ಕನೆಯ ವಾರ ಖಾಸಗಿ ಪ್ರಶ್ನೆಗಳನ್ನು ಬಯಲಿಗೆ ತರುವ ಕೆಲಸ. ಇದರ ಭಾರ ತಂಡದ ಮುಖ್ಯಸ್ಥರ ಮೇಲೆ. ಯಾರಾದರೂ ಖಾಸಗಿಯಾಗಿ ‘ಸರ್, ಈ ಆರ್ಡರ್ ತಡ ಆದರೆ ಏನ್ ಮಾಡ್ಬೇಕು?’ ಅಂತ ಕೇಳಿದರೆ, ‘ಒಳ್ಳೆ ಪ್ರಶ್ನೆ, ಬೇರೆಯವರಿಗೂ ಬೇಕಾಗುತ್ತೆ. ಚಾನೆಲ್‌ನಲ್ಲಿ ಹಾಕಿ, ಅಲ್ಲೇ ಉತ್ತರ ಬರೀತೀನಿ’ ಅನ್ನಬೇಕು. ಹಾಕಿದ ಮೇಲೆ ನಿಜವಾಗಿಯೂ ಅಲ್ಲೇ, ಬೇಗ ಬರೆಯಬೇಕು. ಮುಖ್ಯಸ್ಥರೇ ಎಲ್ಲವನ್ನೂ ಖಾಸಗಿ ಮೆಸೇಜಿನಲ್ಲಿ ನಡೆಸಿದರೆ ತಂಡವೂ ಹಾಗೇ ಮಾಡುತ್ತದೆ, ತರಬೇತಿ ಎಷ್ಟು ಕೊಟ್ಟರೂ ಅಷ್ಟೇ.

ಎಲ್ಲರ ಮುಂದೆ ಕೇಳಲು ಅಂಜುವವರು ಇದ್ದೇ ಇರುತ್ತಾರೆ. ‘ಇಷ್ಟೂ ಗೊತ್ತಿಲ್ವಾ’ ಅಂದುಬಿಟ್ಟರೆ ಅನ್ನುವ ಭಯ. ಹಿರಿಯರೊಬ್ಬರು ತಮಗೆ ಗೊತ್ತಿಲ್ಲದ್ದನ್ನು ಎಲ್ಲರೆದುರು ಕೇಳಿದರೆ ಈ ಭಯ ಬೇಗ ಇಳಿಯುತ್ತದೆ. ತಪ್ಪು ಉತ್ತರ ಬಂದಾಗ ಅಲ್ಲೇ ಗದರಬೇಡಿ. ತಿದ್ದುವುದು ವಿಷಯದ ಬಗ್ಗೆ ಇದ್ದರೆ ಥ್ರೆಡ್‌ನಲ್ಲಿ, ವ್ಯಕ್ತಿಯ ಬಗ್ಗೆ ಇದ್ದರೆ ಖಾಸಗಿಯಾಗಿ.

ಐದು, ಆರನೆಯ ವಾರ ಎರಡನೆಯ ತಂಡವನ್ನು ಸೇರಿಸಿ. ಅವರಿಗೆ ಹೇಳಿಕೊಡುವವರು ಮೊದಲ ತಂಡದವರೇ ಆಗಿರಲಿ. ಅಡ್ಮಿನ್ ಮಾಡುವ ಸ್ಲೈಡ್ ಶೋಗಿಂತ ಪಕ್ಕದ ಮೇಜಿನವರು ‘ನೋಡಿ, ನಾವು ಹೀಗೆ ಹುಡುಕ್ತೀವಿ’ ಅಂತ ತೋರಿಸುವುದು ಚೆನ್ನಾಗಿ ತಲೆಗೆ ಹೋಗುತ್ತದೆ.

ಹೆಜ್ಜೆ 8: ಸದ್ದು ತಗ್ಗಿಸಿ

ಜನ ಈ ಸಾಧನಗಳನ್ನು ಬೈಯುವುದು ಹೆಚ್ಚಾಗಿ ನೋಟಿಫಿಕೇಶನ್‌ಗೆ. ಎಲ್ಲರಿಗೂ ಒಮ್ಮೆಲೇ ಗಂಟೆ ಬಾರಿಸುವ @ಚಾನೆಲ್, @ಎವರಿಒನ್ ಟ್ಯಾಗುಗಳನ್ನು ಅಡ್ಮಿನ್‌ಗಳಿಗೆ ಮಾತ್ರ ಬಿಡಿ. ಸ್ಲ್ಯಾಕ್‌ನಂಥ ಸಾಧನಗಳಲ್ಲಿ ಈಗ ಆನ್‌ಲೈನ್ ಇರುವವರನ್ನಷ್ಟೇ ಕರೆಯುವ @ಹಿಯರ್ ಇದೆ, ಹೆಚ್ಚಿನ ಸಲ ಅಷ್ಟೇ ಸಾಕು.

ಪ್ರತಿಯೊಬ್ಬರೂ ಮೊದಲ ದಿನವೇ ಮೂರು ಸೆಟ್ಟಿಂಗ್ ಮಾಡಿಕೊಳ್ಳಲಿ. ತನ್ನ ಹೆಸರು ಟ್ಯಾಗ್ ಆದಾಗ ಮಾತ್ರ ಸದ್ದು. ರಾತ್ರಿ ಹೊತ್ತು ಪೂರ್ತಿ ಮೌನ. ಓದಲೇಬೇಕಾದ ಮೂರು ನಾಲ್ಕು ಚಾನೆಲ್ ಬಿಟ್ಟು ಉಳಿದವು ಮ್ಯೂಟ್. ಹತ್ತು ನಿಮಿಷ ಎಲ್ಲರೂ ಒಟ್ಟಿಗೆ ಕೂತು ಇದನ್ನು ಮಾಡಿಬಿಡಿ. ‘ಆಮೇಲೆ ಮಾಡ್ಕೊಳ್ತೀನಿ’ ಅಂದವರು ಮಾಡಿಕೊಂಡದ್ದಿಲ್ಲ. ರಾತ್ರಿ ಬರೆಯುವ ಅಭ್ಯಾಸ ಇರುವವರು ಮೆಸೇಜನ್ನು ಮರುದಿನ ಬೆಳಿಗ್ಗೆಗೆ ಶೆಡ್ಯೂಲ್ ಮಾಡಲಿ.

ಬಾಟ್‌ಗಳ (ತಾವಾಗಿಯೇ ಮೆಸೇಜು ಹಾಕುವ ಪ್ರೋಗ್ರಾಮುಗಳ) ವಿಷಯದಲ್ಲೂ ಇದೇ ಮಾತು. ಕ್ಯಾಲೆಂಡರ್, ಟಾಸ್ಕ್ ಪಟ್ಟಿ, ಗ್ರಾಹಕರ ದೂರು ಎಲ್ಲವನ್ನೂ ಚಾನೆಲ್‌ಗೆ ಜೋಡಿಸಬಹುದು ಅಂತ ಜೋಡಿಸುತ್ತಾ ಹೋದರೆ, ಮನುಷ್ಯರ ಮಾತು ಯಂತ್ರದ ಮಾತಿನಲ್ಲಿ ಮುಳುಗುತ್ತದೆ. ಬಂದ ಮೆಸೇಜು ನೋಡಿ ಯಾರಾದರೂ ಏನಾದರೂ ಮಾಡಬೇಕಾ? ಮಾಡಬೇಕು ಅಂದರೆ ಜೋಡಿಸಿ. ಸುಮ್ನೆ ಮಾಹಿತಿಗೆ ಅಂದರೆ ಬೇರೆ ಚಾನೆಲ್‌ಗೆ ತಳ್ಳಿ.

ಹೆಜ್ಜೆ 9: ಬೀಗ ಭದ್ರ ಇದೆಯಾ?

ಒಳಗಿನವರೇ ಇರುವ ಜಾಗ ಅನ್ನುವ ನಂಬಿಕೆಯೇ ಇಲ್ಲಿನ ಅಪಾಯ. 2021ರಲ್ಲಿ ಇಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಗೇಮ್ ಕಂಪನಿಯ ಡೇಟಾ ಕಳುವಾಯಿತು. ಕಳ್ಳರು ಕದ್ದ ಲಾಗಿನ್ ಕುಕೀ (ಲಾಗಿನ್ ಆಗಿದ್ದಾರೆ ಅಂತ ಬ್ರೌಸರ್ ನೆನಪಿಟ್ಟುಕೊಳ್ಳುವ ಗುರುತು) ಕೊಂಡು ಕಂಪನಿಯ ಸ್ಲ್ಯಾಕ್ ಒಳಗೆ ಬಂದರು, ಫೋನ್ ಕಳೆದುಹೋಗಿದೆ ಅಂತ ಐಟಿ ಸಿಬ್ಬಂದಿಗೆ ಚಾಟ್‌ನಲ್ಲೇ ಹೇಳಿ ಹೊಸ ಲಾಗಿನ್ ಟೋಕನ್ (ಒಳಗೆ ಬಿಡುವ ಸಂಕೇತ) ಪಡೆದರು ಅಂತ ಆಗ ವರದಿಯಾಗಿತ್ತು. ಬಾಗಿಲು ಒಡೆಯುವ ಕಷ್ಟವೇ ಬೀಳಲಿಲ್ಲ, ಕೇಳಿ ಪಡೆದರು.

ಹಾಗಾಗಿ ಎರಡು ಹಂತದ ಲಾಗಿನ್ ಎಲ್ಲರಿಗೂ ಕಡ್ಡಾಯ ಮಾಡಿ. ಪಾಸ್‌ವರ್ಡ್, ಬ್ಯಾಂಕ್ ವಿವರ, ಎಪಿಐ ಕೀ (ಒಂದು ಸಾಫ್ಟ್‌ವೇರ್ ಇನ್ನೊಂದರೊಳಗೆ ಹೋಗಲು ಬಳಸುವ ಗುಟ್ಟಿನ ಸಂಕೇತ) ಯಾವುದನ್ನೂ ಚಾಟ್‌ನಲ್ಲಿ ಹಾಕಬಾರದು, ಖಾಸಗಿ ಮೆಸೇಜಿನಲ್ಲೂ. ಅದಕ್ಕೆ ಪಾಸ್‌ವರ್ಡ್ ಮ್ಯಾನೇಜರ್ ಇದೆ. ಯಾರಾದರೂ ಲಾಗಿನ್ ಬದಲಿಸಿ ಅಂತ ಚಾಟ್‌ನಲ್ಲಿ ಕೇಳಿದರೆ ಫೋನ್ ಮಾಡಿ, ದನಿ ಕೇಳಿ, ಆಮೇಲೆ ಮಾಡಿ. ಕೆಲಸ ಬಿಟ್ಟವರ ಅಕೌಂಟ್ ಅದೇ ದಿನ ಮುಚ್ಚಬೇಕು. ಗೆಸ್ಟ್ ಅಕೌಂಟ್‌ಗೆ ಕೊನೆಯ ದಿನಾಂಕ ಇಡಿ, ಇಲ್ಲದಿದ್ದರೆ ಮುಗಿದ ಗುತ್ತಿಗೆಯವರು ವರ್ಷಗಟ್ಟಲೆ ಒಳಗೇ ಇರುತ್ತಾರೆ.

ತಂಡಕ್ಕೆ ಒಂದು ಮಾತನ್ನು ನೇರವಾಗಿ ಹೇಳಿಬಿಡಿ. ಖಾಸಗಿ ಮೆಸೇಜು ಸಹೋದ್ಯೋಗಿಗಳಿಂದ ಖಾಸಗಿ, ಕಂಪನಿಯಿಂದ ಅಲ್ಲ. ದೊಡ್ಡ ಯೋಜನೆಗಳಲ್ಲಿ ಕಾನೂನಿನ ಅಗತ್ಯ ಬಿದ್ದರೆ ಅವನ್ನೂ ಹೊರತೆಗೆಯುವ ಸೌಲಭ್ಯ ಇರುತ್ತದೆ. ಇದನ್ನು ಮುಚ್ಚಿಟ್ಟು ಆಮೇಲೆ ಗೊತ್ತಾದರೆ ನಂಬಿಕೆ ಹೋಗುತ್ತದೆ.

ಹೆಜ್ಜೆ 10: ಅಳೆಯುವುದು, ಕಳೆ ಕೀಳುವುದು

ಡ್ಯಾಶ್‌ಬೋರ್ಡ್ ತೋರಿಸುವ ‘ಈ ತಿಂಗಳು ಇಷ್ಟು ಸಾವಿರ ಮೆಸೇಜ್’ ನೋಡಿ ಹಿಗ್ಗಬೇಡಿ. ಮೆಸೇಜು ಜಾಸ್ತಿಯಾದದ್ದು ಗೊಂದಲ ಜಾಸ್ತಿಯಾದದ್ದಕ್ಕೂ ಇರಬಹುದು. ಎಲ್ಲರೂ ಬರೆಯುತ್ತಿಲ್ಲ ಅಂತ ಕೊರಗುವುದೂ ಬೇಡ. ಆನ್‌ಲೈನ್ ಗುಂಪುಗಳಲ್ಲಿ ನೂರರಲ್ಲಿ 90 ಜನ ಓದುತ್ತಾರೆ, 9 ಜನ ಆಗೀಗ ಬರೆಯುತ್ತಾರೆ, ಹೆಚ್ಚು ಬರೆಯುವುದು ಒಬ್ಬರೇ ಅಂತ ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಬರೆದಿದ್ದರು. ಕಚೇರಿಯಲ್ಲಿ ಬರೆಯುವವರು ಅದಕ್ಕಿಂತ ಜಾಸ್ತಿ ಸಿಗಬೇಕು, ಆದರೂ ಸುಮ್ಮನೆ ಓದುವವರಿಗೂ ಇದರಿಂದ ಉಪಯೋಗ ಇದೆ. ಯಾರು ಎಷ್ಟು ಪೋಸ್ಟ್ ಹಾಕಿದರು ಅಂತ ಪಟ್ಟಿ ಮಾಡಿ ಬಹುಮಾನ ಕೊಡುವ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ. ಮರುದಿನದಿಂದ ಎಲ್ಲ ಚಾನೆಲ್‌ನಲ್ಲೂ ‘ಶುಭೋದಯ’ ಬರುತ್ತದೆ.

ನೋಡಬೇಕಾದದ್ದು ಬೇರೆ. ಸಹಾಯ ಚಾನೆಲ್‌ನಲ್ಲಿ ಉತ್ತರವೇ ಬರದ ಪ್ರಶ್ನೆಗಳು ಎಷ್ಟು? ತೆರೆದ ಚಾನೆಲ್‌ಗಳಲ್ಲಿ ನಡೆಯುವ ಮಾತಿನ ಪಾಲು ಏರುತ್ತಿದೆಯಾ, ಖಾಸಗಿಯದ್ದು ಇಳಿಯುತ್ತಿದೆಯಾ? ಹೊಸಬರು ಬೇಕಾದದ್ದನ್ನು ಹುಡುಕಿ ತೆಗೆದರಾ, ಯಾರನ್ನೋ ಕೇಳಬೇಕಾಯಿತಾ? ಹೆಜ್ಜೆ 1ರಲ್ಲಿ ಬರೆದಿಟ್ಟ ವಾಕ್ಯಗಳನ್ನು ತೆಗೆದು, ಆ ತೊಂದರೆ ಹೋಯಿತಾ ಅಂತ ತಂಡವನ್ನೇ ಕೇಳಿ.

ಮೂರು ತಿಂಗಳಿಗೊಮ್ಮೆ ಒಂದು ಗಂಟೆ ಮೀಸಲಿಡಿ. ತಿಂಗಳಿಂದ ಮಾತೇ ಇಲ್ಲದ ಚಾನೆಲ್‌ಗಳನ್ನು ಆರ್ಕೈವ್ ಮಾಡಿ. ಅಳಿಸಬೇಡಿ, ಆರ್ಕೈವ್ ಮಾಡಿದ್ದು ಹುಡುಕಿದರೆ ಸಿಗುತ್ತದೆ. ಒಡೆಯರು ಕೆಲಸ ಬಿಟ್ಟು ಹೋದ ಚಾನೆಲ್‌ಗೆ ಹೊಸ ಒಡೆಯರನ್ನು ಹುಡುಕಿ, ಸಿಗದಿದ್ದರೆ ಅದನ್ನೂ ಮುಚ್ಚಿ. ಪಿನ್ ಮಾಡಿದ ಪೋಸ್ಟುಗಳಲ್ಲಿ ಹಳಸಿದ್ದನ್ನು ತೆಗೆಯಿರಿ. ಗೆಸ್ಟ್‌ಗಳ ಪಟ್ಟಿ ಮೇಲೊಮ್ಮೆ ಕಣ್ಣಾಡಿಸಿ.

ಅದೇ ದಿನ ಡೇಟಾ ಎಕ್ಸ್‌ಪೋರ್ಟ್ ಕೂಡ ಮಾಡಿ. ಫೈಲ್ ಇಳಿಯಿತು ಅಂತ ಅಷ್ಟಕ್ಕೇ ಬಿಡಬೇಡಿ, ಬಿಚ್ಚಿ ನೋಡಿ. ಸ್ಲ್ಯಾಕ್‌ನಂಥವು ಜೇಸನ್ (JSON, ಪ್ರೋಗ್ರಾಮುಗಳು ಓದುವ ಪಠ್ಯ ರೂಪ) ರೂಪದಲ್ಲಿ ಕೊಡುತ್ತವೆ, ಹಾಗೇ ಓದಲು ಬರುವುದಿಲ್ಲ. ಅಂಟಿಸಿದ ಫೈಲುಗಳ ಬದಲು ಅವುಗಳ ಲಿಂಕ್ ಮಾತ್ರ ಅದರಲ್ಲಿರಬಹುದು. ಒಂದು ಹಳೆಯ ತೀರ್ಮಾನವನ್ನು ಆರಿಸಿಕೊಂಡು, ಇಳಿಸಿದ ಫೈಲಿನಿಂದ ಅದನ್ನು ಹುಡುಕಿ ತೆಗೆಯಲು ಐಟಿಯವರಿಗೆ ಹೇಳಿ. ಸಿಗದಿದ್ದರೆ ಎಕ್ಸ್‌ಪೋರ್ಟ್ ಸೆಟ್ಟಿಂಗ್ ಬದಲಿಸಿ ಇನ್ನೊಮ್ಮೆ ಇಳಿಸಿ.